ಬುರುಲ್ ಅತ್ತಿಗೆ ಕುದುರೆಗೆ ಸುಳ್ಳು ಹೇಳಿದ ಬೇಸಿಗೆ

ನಮ್ಮ ಸೂಸಮಿರ್ ಹುಲ್ಲುಗಾವಲಿನಲ್ಲಿ ಕುದುರೆ ಹಾಲು ಕರೆಯುವ ಹೆಂಗಸರು ಬಹಳ ಮಂದಿ ಇದ್ದಾರೆ. ಬುರುಲ್ ಅತ್ತಿಗೆಯೇ ಎಲ್ಲರಿಗಿಂತ ಹೆಚ್ಚು ಎಂದು ನಾನು ಹೇಳುವುದಿಲ್ಲ. ಹೊಳೆಯ ಆಚೆಯ ಗುಡಾರದಲ್ಲಿ ಒಬ್ಬಳಿದ್ದಾಳೆ, ಅತ್ತಿಗೆಗಿಂತ ಬೇಗ ಕರೆಯುತ್ತಾಳೆ. ಆದರೆ ಇಪ್ಪತ್ತೆರಡು ಬೇಸಿಗೆಯಲ್ಲಿ ಕುದುರೆ ಅತ್ತಿಗೆಯನ್ನು ಒದ್ದದ್ದು ಎರಡೇ ಸಲ. ಎರಡೂ ಸಲ ಮರಿ ಹಿಡಿದವನು ನಾನು. ತಪ್ಪು ನನ್ನದೇ ಇತ್ತು.

ಅವಳು ನನ್ನ ಅಣ್ಣನ ಹೆಂಡತಿ. ನಾನು ಅಶಿಮ್. ಅವಳು ಕರೆಯುತ್ತಾಳೆ, ನಾನು ಮರಿ ಹಿಡಿಯುತ್ತೇನೆ. ನಮ್ಮಿಬ್ಬರ ಕೆಲಸ ಇಷ್ಟೇ.

ಕುದುರೆ ಹಸುವಿನ ಹಾಗಲ್ಲ. ಕೆಚ್ಚಲು ಚಿಕ್ಕದು, ಹಾಲು ನಿಲ್ಲುವುದಿಲ್ಲ. ಎರಡು ಗಂಟೆಗೊಮ್ಮೆ ಕರೆಯಬೇಕು, ಹಗಲಿಗೆ ಆರು ಸಲ. ಹಗಲೆಲ್ಲ ಮರಿಗಳನ್ನು ನೆಲದ ಮಟ್ಟಕ್ಕೆ ಎಳೆದು ಕಟ್ಟಿದ ಉದ್ದ ಹಗ್ಗದ ಸಾಲಿಗೆ ಕಟ್ಟಿರುತ್ತೇವೆ. ತಾಯಂದಿರು ಹತ್ತಿರದಲ್ಲೇ ಮೇಯುತ್ತಿರುತ್ತವೆ. ಹೊತ್ತಾದಾಗ ಅತ್ತಿಗೆ ಕೂಗುತ್ತಾಳೆ. ಕುದುರೆ ಬರುತ್ತದೆ. ನಾನು ಮರಿ ಬಿಚ್ಚಿ ತಾಯಿಗೆ ಬಿಡುತ್ತೇನೆ. ಮರಿ ಬಾಯಿಟ್ಟರೆ ಮಾತ್ರ ತಾಯಿ ಸೊರ ಬಿಡುತ್ತದೆ, ಹಾಲು ಕೆಚ್ಚಲಿಗೆ ಇಳಿಯುತ್ತದೆ. ಎರಡು ಗುಟುಕು ಕುಡಿಯುತ್ತಲೇ ಮರಿಯನ್ನು ಎಳೆದು ತಾಯಿಯ ಪಕ್ಕೆಗೆ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಅತ್ತಿಗೆ ಒಂದು ಮಂಡಿ ಊರಿ, ಇನ್ನೊಂದು ತೊಡೆಯ ಮೇಲೆ ಬಕೆಟ್ ಇಟ್ಟು, ಕುದುರೆಯ ಹಿಂಗಾಲನ್ನು ತೋಳಿನಿಂದ ಬಳಸಿ ಕರೆಯುತ್ತಾಳೆ. ಒಂದು ನಿಮಿಷ, ಬಹಳ ಆದರೆ ಎರಡು ನಿಮಿಷ. ಆ ಹೊತ್ತಿನಲ್ಲಿ ಕುದುರೆಗೆ ಏನೋ ಸರಿಯಿಲ್ಲ ಅನ್ನಿಸಿದರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ನೀವು ಏನು ಮಾಡಿದರೂ ಒಂದು ತೊಟ್ಟು ಬರುವುದಿಲ್ಲ.

ಅತ್ತಿಗೆಗೆ ಕೆಲಸ ಕಲಿಸಿದವಳು ನಮ್ಮ ಅವ್ವ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅತ್ತಿಗೆ ಅಣ್ಣನ ಜೊತೆ ಜಗಳ ಮಾಡಿಕೊಂಡು ಬಕೆಟ್ ಹಿಡಿದು ಬಂದಳು. ಅವ್ವ ಅವಳನ್ನು ದಾರಿಯಲ್ಲೇ ನಿಲ್ಲಿಸಿದಳು.

“ನಿನ್ನ ಸಿಟ್ಟು ಗುಡಾರದಲ್ಲಿ ಇಟ್ಟು ಬಾ. ಅಲ್ಲಿ ಬೇಕಾದಷ್ಟು ಜಾಗ ಇದೆ. ಕುದುರೆ ಹತ್ರ ತರಬೇಡ.”

“ಗುಡಾರದಲ್ಲಿ ನಿಮ್ಮ ಮಗ ಕೈಕಾಲು ಚಾಚಿ ಮಲಗಿದಾರೆ ಅತ್ತೆ. ಸಿಟ್ಟು ಇಡೋಕೆ ಎಲ್ಲಿದೆ ಜಾಗ?”

ಅವ್ವ ಸಾಯುವವರೆಗೂ ಈ ಮಾತನ್ನು ಹಬ್ಬ ಹಬ್ಬಕ್ಕೂ ಹೇಳಿ ನಗುತ್ತಿದ್ದಳು.

ಅಣ್ಣ ತೀರಿಕೊಂಡದ್ದು ಜೂನ್ ತಿಂಗಳಲ್ಲಿ. ಏಳು ದಿನ ಕಳೆದು ಅತ್ತಿಗೆ ಸಾಲಿಗೆ ಬಂದಳು. ಯಾವ ಕುದುರೆಯೂ ಹಾಲು ಕೊಡಲಿಲ್ಲ. ಅತ್ತಿಗೆ ಅಳುತ್ತಿರಲಿಲ್ಲ. ನಗುವುದಕ್ಕೂ ಪ್ರಯತ್ನ ಪಟ್ಟಳು. ಕೊಡಲಿಲ್ಲ. ಮೂರು ದಿನ ಹಾಗೇ ಹೋಯಿತು. ನಾಲ್ಕನೇ ದಿನ ಹೊಳೆಯಲ್ಲಿ ಮುಖ ತೊಳೆದು, ಅಲ್ಲೇ ಸ್ವಲ್ಪ ಹೊತ್ತು ನಿಂತು ಬಂದಳು. ಅವತ್ತು ಹಾಲು ಬಂತು.

“ಏನು ಮಾಡಿದ್ರಿ ಅತ್ತಿಗೆ?” ಎಂದು ಕೇಳಿದೆ.

“ಸುಳ್ಳು ನಗು ಕುದುರೆಗೆ ಗೊತ್ತಾಗುತ್ತೆ ಅಶಿಮ್. ನಿಜವಾದ ಸಂತೋಷ ಒಂದು ಹುಡುಕ್ಬೇಕು. ಎಷ್ಟು ಸಣ್ಣದಾದ್ರೂ ಸರಿ. ಇವತ್ತು ನೀರು ತಣ್ಣಗಿತ್ತು. ಮುಖಕ್ಕೆ ಹಿತ ಅನ್ನಿಸ್ತು. ಅದನ್ನೇ ಹಿಡ್ಕೊಂಡು ಬಂದೆ.”

ಆಮೇಲೆ ದಿನಾ ಅವಳು ಹಾಗೇ ಮಾಡುತ್ತಿದ್ದಳು. ಸಾಲಿಗೆ ಬರುವ ಮೊದಲು ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತಿದ್ದಳು. ನಾನು ತಮಾಷೆಗೆ ಕೇಳುತ್ತಿದ್ದೆ, “ಇವತ್ತು ಏನು ಸಿಕ್ತು?” ಅವಳು ಹೇಳುತ್ತಿದ್ದಳು. “ಬೆನ್ನು ನೋವಿಲ್ಲ.” “ನಿನ್ನೆ ನೀನು ಹಾಡ್ಲಿಲ್ಲ, ಒಳ್ಳೇ ನಿದ್ದೆ ಬಂತು.” ಏನಾದರೊಂದು ಇರುತ್ತಿತ್ತು.

ಅವಳಿಗೆ ಇನ್ನೊಂದು ಪದ್ಧತಿ ಇತ್ತು. ಕೊನೆಯ ಹಾಲನ್ನು ಕರೆಯುವುದಿಲ್ಲ. ಅದು ಮರಿಯದು. ಕೊನೆಯ ಹಾಲು ಗಟ್ಟಿ ಎಂದು ಎಲ್ಲರಿಗೂ ಗೊತ್ತು. ಬೇರೆ ಗುಡಾರದವರು ಅದನ್ನೂ ಹಿಂಡುತ್ತಾರೆ. ಅತ್ತಿಗೆ ಬಕೆಟ್ ಎತ್ತಿ, “ಹೋಗು, ನಿಂದು ಇದೆ” ಎಂದು ಮರಿಗೆ ಹೇಳಿ ಏಳುತ್ತಿದ್ದಳು.

ಕುದುರೆಗಳು ಮೈರಾಂಬೆಕ್‌ನವು. ನಮಗಿಂತ ಚಿಕ್ಕವನು, ಒಳ್ಳೆಯವನು. ಅವನು ಹುಲ್ಲುಗಾವಲಿನಲ್ಲಿ ಆರು ಗುಡಾರ ಹಾಕಿದ್ದಾನೆ. ಪಟ್ಟಣದಿಂದ ಜನ ಬಂದು ಹತ್ತು ದಿನ ಇದ್ದು ಕುಮಿಸ್ ಕುಡಿದು ಹೋಗುತ್ತಾರೆ. ನಾವು ಕರೆದ ಹಾಲನ್ನೇ ತೊಗಲು ಚೀಲದಲ್ಲಿ ಹುಳಿ ಬರಿಸಿ ಕಡೆದರೆ ಕುಮಿಸ್. ಎದೆಗೆ ಒಳ್ಳೆಯದು, ಹೊಟ್ಟೆಗೆ ಒಳ್ಳೆಯದು ಎಂದು ಡಾಕ್ಟರೇ ಬರೆದು ಕೊಡುತ್ತಾರಂತೆ.

ಅಣ್ಣ ಹೋಗಿ ಕೆಲವು ವರ್ಷ ಕಳೆದಿದ್ದ ಆ ಬೇಸಿಗೆ ಬಹಳ ಜನ ಬಂದರು. ಮೈರಾಂಬೆಕ್ ಇನ್ನೂ ಆರು ಕುದುರೆ ತಂದ. ಮರಿಗಳೂ ಬಂದವು.

ಮರಿ ಕಟ್ಟುವ ಸಾಲಿಗೆ ನಮ್ಮಲ್ಲಿ ಒಂದು ಅಳತೆ ಇದೆ. ಎರಡು ಮರಿಗಳ ನಡುವೆ ಎರಡು ಮಾರು. ಮೊದಲ ದಿನ ಗೂಟಗಳಿಗೆ ಬೆಣ್ಣೆ ಸವರಿ, ಹಿರಿಯರು ಕೈ ಚಾಚಿ ಅಳೆದು ಜಾಗ ಗುರುತು ಮಾಡುತ್ತಾರೆ. ಶರತ್ಕಾಲದವರೆಗೆ ಆ ಜಾಗ ಆ ಮರಿಯದೇ. ಬದಲಾಯಿಸುವುದಿಲ್ಲ. ಒಂದು ಮರಿ ಮಲಗಿ ಕಾಲು ಚಾಚಿದರೂ ಪಕ್ಕದ್ದರ ಹಗ್ಗಕ್ಕೆ ಗೊರಸು ತಾಗಬಾರದು. ಅದಕ್ಕೇ ಎರಡು ಮಾರು.

“ಅಶಿಮಣ್ಣ, ಇನ್ನೊಂದು ಸಾಲು ಹಾಕಿದ್ರೆ ಅತಿಥಿಗಳ ಕಾರು ನಿಲ್ಲೋಕೆ ಜಾಗ ಇರಲ್ಲ,” ಎಂದ ಮೈರಾಂಬೆಕ್. “ಇದ್ರಲ್ಲೇ ಸ್ವಲ್ಪ ಹೊಂದಿಸ್ಬಿಡಿ.”

ಅತ್ತಿಗೆ ಕೇಳಿಸಿಕೊಂಡಳು. ಅವನು ಹೋದ ಮೇಲೆ ನನ್ನ ಹತ್ತಿರ ಬಂದಳು.

“ಆಗಲ್ಲ ಅಂತ ಹೇಳು ಅವನಿಗೆ.”

“ಹೇಳ್ತೀನಿ ಅತ್ತಿಗೆ.”

“ಇವತ್ತೇ ಹೇಳು. ನಾಳೆ ಅಂದ್ರೆ ನೀನು ಹೇಳಲ್ಲ, ನಂಗೆ ಗೊತ್ತು.”

ನಾನು ಹೇಳಲಿಲ್ಲ. ಹಿಂದಿನ ಚಳಿಗಾಲದಲ್ಲಿ ನನ್ನ ಹೆಂಡತಿಗೆ ಹೊಟ್ಟೆನೋವು ಬಂದಾಗ ಮೈರಾಂಬೆಕ್ ಹಿಮದಲ್ಲಿ ಕಾರು ಓಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅಂಥವನಿಗೆ ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹಗ್ಗದ ಕುಣಿಕೆಗಳನ್ನು ಹತ್ತಿರ ಹತ್ತಿರ ಮಾಡಿ ಆರು ಮರಿಗಳನ್ನೂ ಅದರಲ್ಲೇ ಕಟ್ಟಿದೆ. ಎರಡು ಮಾರು ಇದ್ದದ್ದು ಒಂದು ಮಾರಾಯಿತು. ಅತ್ತಿಗೆ ನೋಡಿದಳು. ಎರಡು ಕುಣಿಕೆಗಳ ನಡುವೆ ಕೈ ಚಾಚಿ ಅಳೆದು, ಬಕೆಟ್ ಎತ್ತಿಕೊಂಡು ಹೋದಳು.

ಜುಲೈ ಎರಡನೇ ವಾರ. ಮೂರನೇ ಸಲ ಹಾಲು ಕರೆದು ಆಗಿತ್ತು. ಒಮ್ಮೆಲೇ ಮೋಡ ಕವಿದು ಆಲಿಕಲ್ಲು ಬಿತ್ತು. ಗಾಳಿಗೆ ಅತಿಥಿಗಳ ಗುಡಾರದ ಹೊದಿಕೆ ಹಾರಲು ಶುರುವಾಯಿತು. ಮೈರಾಂಬೆಕ್ ನಮ್ಮನ್ನು ಕೂಗಿದ. ಇಬ್ಬರೂ ಓಡಿದೆವು. ಹೊದಿಕೆ ಎಳೆದು ಕಟ್ಟುವಷ್ಟರಲ್ಲಿ ಸಿಡಿಲು ಹೊಡೆಯಿತು. ಬಹಳ ಹತ್ತಿರ.

ನಾವು ಸಾಲಿಗೆ ಬಂದಾಗ ಮರಿಗಳೆಲ್ಲ ನಡುಗುತ್ತಾ ನಿಂತಿದ್ದವು. ಒಂದು ನಿಂತಿರಲಿಲ್ಲ. ಪಕ್ಕದ ಮರಿಯ ಹಗ್ಗಕ್ಕೆ ಅದರ ಹಗ್ಗ ಸುತ್ತಿ, ಕುತ್ತಿಗೆ ಬಿಗಿದು ಹೋಗಿತ್ತು.

ಅದು ಚಬ್ದಾರ್‌ನ ಮರಿ. ಚಬ್ದಾರ್ ಅಂದರೆ ಕೆಂಪು ಮೈ, ಬಿಳಿ ಜೂಲು. ಆ ಬಣ್ಣವೇ ಅದರ ಹೆಸರು. ಮಂದೆಯಲ್ಲೇ ಹೆಚ್ಚು ಹಾಲು ಕೊಡುವ ಕುದುರೆ ಅದು. ಅತ್ತಿಗೆ ಅದನ್ನು ಕುದುರೆ ಎನ್ನುತ್ತಿರಲಿಲ್ಲ. ಅವಳು, ಇವಳು ಎನ್ನುತ್ತಿದ್ದಳು.

ಅತ್ತಿಗೆ ಮಂಡಿಯೂರಿ ಹಗ್ಗ ಬಿಡಿಸಿದಳು. ನಾನು ನಿಂತೇ ಇದ್ದೆ.

“ತಪ್ಪು ನಂದು ಅತ್ತಿಗೆ.”

“ಹೌದು.”

ಬಿಡಿಸಿದ ಹಗ್ಗ ನನ್ನ ಕೈಗೆ ಕೊಟ್ಟು ಹೇಳಿದಳು, “ತಾಯಿ ಬರ್ತಿದಾಳೆ. ಹಿಡ್ಕೋ ಹೋಗು.”

ಅವತ್ತು ಚಬ್ದಾರ್ ನಾಲ್ಕನೇ ಸಲ ಹಾಲು ಕೊಡಲಿಲ್ಲ. ಐದನೇ ಸಲವೂ ಕೊಡಲಿಲ್ಲ. ಸಾಲಿನ ಉದ್ದಕ್ಕೂ ಓಡಾಡಿ ಒಂದೊಂದೇ ಮರಿಯ ಬಾಲ ಮೂಸಿ ನೋಡುತ್ತಿತ್ತು.

ಸಂಜೆ ಮೈರಾಂಬೆಕ್ ಬಂದು ನಮ್ಮ ಒಲೆಯ ಹತ್ತಿರ ಕುಳಿತ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಅತ್ತಿಗೆ ಚಹಾ ಕೊಟ್ಟಳು.

“ಅಕ್ಕ, ನಿಮಗೆ ಮುಚ್ಚಿಟ್ಟು ಏನು ಮಾಡ್ಲಿ. ಘಾಟಿ ಕೆಳಗೆ ಒಂದು ಮನೇಲಿ ಯಜಮಾನ್ರು ತೀರ್ಕೊಂಡು ಮುಂದಿನ ತಿಂಗಳಿಗೆ ವರ್ಷ ಆಗುತ್ತೆ. ವರ್ಷದ ಊಟಕ್ಕೆ ಕೊಯ್ಯೋಕೆ ಒಳ್ಳೇ ಕುದುರೆ ಬೇಕು ಅಂತ ಕೇಳಿದಾರೆ. ಚಬ್ದಾರ್ ಬತ್ತಿದ್ರೆ ಕೊಟ್ಬಿಡ್ತೀನಿ.”

“ಮುಂದಿನ ವರ್ಷ ಮರಿ ಹಾಕ್ತಾಳಲ್ಲ.”

“ಈ ವರ್ಷ ಗಬ್ಬ ಕಟ್ಟಿಲ್ಲ ಅಕ್ಕ. ಹಾಲಿಲ್ಲ, ಗಬ್ಬ ಇಲ್ಲ. ಎರಡು ವರ್ಷ ಸುಮ್ನೆ ಹುಲ್ಲು ಹಾಕೋಕೆ ನಾನೇನು ಖಾನನ ಮೊಮ್ಮಗನಾ?”

ಅತ್ತಿಗೆ ಒಲೆಗೆ ಬೆರಣಿ ಹಾಕಿದಳು. ಅವನೇ ಮತ್ತೆ ಹೇಳಿದ.

“ಹಿಂದೆ ಮಾಡ್ತಿದ್ರಲ್ಲ. ಮರಿ ತೊಗಲಿಗೆ ಹುಲ್ಲು ತುಂಬಿ ತಾಯಿ ಮುಂದೆ ನಿಲ್ಸೋದು. ನೀವು ಮಾಡಿದ್ರೆ ಅವಳು ನಂಬ್ತಾಳೆ. ಬೇರೆ ಯಾರು ಮಾಡಿದ್ರೂ ನಂಬಲ್ಲ.”

“ನಾನು ಕುದುರೆ ಹತ್ರ ಇದುವರೆಗೂ ಸುಳ್ಳು ಹೇಳಿಲ್ಲ ಮೈರಾಂಬೆಕ್.”

“ಗೊತ್ತು ಅಕ್ಕ. ಅದಕ್ಕೇ ನಂಬ್ತಾಳೆ ಅಂದೆ.”

ಅವನು ಕುಹಕಕ್ಕೆ ಹೇಳಿದ್ದಲ್ಲ. ಅವನಿಗೆ ಬೇರೆ ದಾರಿ ಹೊಳೆದಿರಲಿಲ್ಲ. ನಮಗೂ ಹೊಳೆಯಲಿಲ್ಲ. ಸುಳ್ಳು ಹೇಳಿದರೆ ಚಬ್ದಾರ್ ಉಳಿಯುತ್ತದೆ. ನಿಜಕ್ಕೆ ನಿಂತರೆ ಅದು ಊಟದ ಹಂಡೆಗೆ ಹೋಗುತ್ತದೆ. ಅತ್ತಿಗೆ ಬಟ್ಟಲಲ್ಲಿದ್ದ ಚಹಾ ಆರುವವರೆಗೆ ಕುಳಿತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಒಣ ಹುಲ್ಲು ತಾ” ಎಂದಳು.

ತೊಗಲನ್ನು ಅವಳೇ ಹೊಲಿದಳು. ಹುಲ್ಲು ತುಂಬಿ, ಕಾಲಿಗೆ ನಾಲ್ಕು ಕೋಲು ಇಟ್ಟು, ತಾಯಿ ನೆಕ್ಕಲಿ ಎಂದು ಬೆನ್ನಿಗೆ ಉಪ್ಪುನೀರು ಸವರಿದಳು. ಮರುದಿನ ಮೊದಲ ಸಲ ಅದನ್ನು ನಾನು ಹೊತ್ತುಕೊಂಡು ಹೋದೆ. ಹಗುರವಾಗಿತ್ತು. ಹಿಂದಿನ ದಿನ ನನ್ನ ತೋಳಿನಲ್ಲಿ ಕೊಸರಾಡಿದ ಮರಿ ಅದು.

ಅತ್ತಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಅವತ್ತು ಬಹಳ ಹೊತ್ತು ನಿಂತಳು. ಆಮೇಲೆ ಯಾವಾಗಿನ ಹಾಗೆ ಕೂಗಿದಳು, “ಕುರೂ, ಕುರೂ, ಕುರೂ.” ಚಬ್ದಾರ್ ಬಂತು. ನಾನು ಗೊಂಬೆಯನ್ನು ಅದರ ಕೆಚ್ಚಲಿಗೆ ತಾಗಿಸಿ ಮುಂದಕ್ಕೆ ತಂದು ನಿಲ್ಲಿಸಿದೆ. ಚಬ್ದಾರ್ ಮೂಸಿತು. ಅತ್ತಿಗೆ ಅದರ ತೊಡೆ ಸವರುತ್ತಾ ಮೆಲ್ಲಗೆ ಮಾತಾಡುತ್ತಲೇ ಇದ್ದಳು. ಚಬ್ದಾರ್ ಗೊಂಬೆಯ ಬೆನ್ನು ನೆಕ್ಕಲು ಶುರು ಮಾಡಿತು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿತು.

ನಾನು ಕೇಳಬಾರದಿತ್ತು. ಆದರೂ ಕೇಳಿದೆ. “ಇವತ್ತು ಏನು ಸಿಕ್ತು ಅತ್ತಿಗೆ?”

“ಅವಳಿನ್ನೂ ನಿಂತಿದಾಳಲ್ಲ. ಅದು.”

ಮರಿಯ ಪಾಲು ಕುಡಿಯಲು ಮರಿ ಇರಲಿಲ್ಲ. ಅತ್ತಿಗೆ ಆ ಪಾಲನ್ನೂ ಬೇರೆ ಬಟ್ಟಲಿಗೆ ಕರೆದು, ಸಾಲಿನಲ್ಲಿ ಎಲ್ಲಕ್ಕಿಂತ ಬಡಕಲಾಗಿದ್ದ ಮರಿಗೆ ಕುಡಿಸಿದಳು. ಚೀಲಕ್ಕೆ ಹಾಕಲಿಲ್ಲ. ಮೈರಾಂಬೆಕ್ ನೋಡಿದ, ಸುಮ್ಮನೆ ಹೋದ.

ಹಾಗೆ ದಿನಕ್ಕೆ ಆರು ಸಲ. ಅತಿಥಿಗಳಿಗೆ ಅದೊಂದು ನೋಟವಾಯಿತು. ಫೋನ್ ಹಿಡಿದು ಬಂದು ನಿಲ್ಲುತ್ತಿದ್ದರು. ಪಟ್ಟಣದ ಒಬ್ಬ ದಪ್ಪ ಹೆಂಗಸು ಒಂದು ದಿನ ನಕ್ಕಳು.

“ಅಲ್ಲಾ ಅಕ್ಕ, ಹುಲ್ಲಿನ ಗೊಂಬೆ ಅಂತ ಅದಕ್ಕೆ ಗೊತ್ತಾಗಲ್ವಾ? ಎಂಥಾ ಪೆದ್ದು ಕುದುರೆ.”

“ನಿಮ್ಮ ಯಜಮಾನ್ರು ಫೋನಲ್ಲಿ ‘ಮನೇಲೇ ಇದೀನಿ’ ಅಂದ್ರೆ ನೀವು ನಂಬ್ತೀರಲ್ಲ, ಹಂಗೇ ಇದು,” ಎಂದಳು ಅತ್ತಿಗೆ.

ಸುತ್ತ ನಿಂತವರು ಹೊಟ್ಟೆ ಹಿಡಿದು ನಕ್ಕರು. ಆ ಹೆಂಗಸೂ ನಕ್ಕಳು. ಅತ್ತಿಗೆಯೂ ನಕ್ಕಳು. ಆದರೆ ಅವರೆಲ್ಲ ಹೋದ ಮೇಲೆ ಅತ್ತಿಗೆ ಚಬ್ದಾರ್‌ನ ಪಕ್ಕೆಗೆ ಹಣೆ ಒತ್ತಿ ನಿಂತಳು. ನಾನು ಗೊಂಬೆ ಹಿಡಿದುಕೊಂಡು ಬೇರೆ ಕಡೆ ನೋಡಿದೆ.

ಸಂಜೆ ಸಂಜೆಗೆ ಅವಳು ಗೊಂಬೆಯನ್ನು ಒಲೆಯ ಹತ್ತಿರ ಆರಿಸುತ್ತಿದ್ದಳು. ಹೊಲಿಗೆ ಬಿಟ್ಟ ಕಡೆ ಹೊಲಿಯುತ್ತಿದ್ದಳು. ಹಳೆಯ ಹುಲ್ಲು ತೆಗೆದು ಹೊಸದು ತುಂಬುತ್ತಿದ್ದಳು. ಆಗಸ್ಟ್ ಕಳೆದರೆ ಆ ಮನೆಯವರು ಬೇರೆ ಕುದುರೆ ನೋಡಿಕೊಳ್ಳುತ್ತಾರೆ, ಚಬ್ದಾರ್ ಉಳಿಯುತ್ತದೆ. ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಅಷ್ಟನ್ನೇ ಕಾಯುತ್ತಿದ್ದೆವು.

ಆಮೇಲೆ ಐದು ದಿನ ಮಳೆ ಹಿಡಿಯಿತು. ನಮ್ಮ ಕಡೆ ಅಷ್ಟು ಮಳೆ ಬೀಳುವುದೇ ಇಲ್ಲ. ಒಲೆಗೆ ಒಣ ಬೆರಣಿಯೂ ಸಿಗಲಿಲ್ಲ. ತೊಗಲು ಒದ್ದೆಯಾಗಿ ಕೂದಲು ಉದುರಿತು, ಕೊಳೆತ ವಾಸನೆ ಬಂತು. ಅತ್ತಿಗೆ ಉಪ್ಪು ತಿಕ್ಕಿದಳು, ಹೊಗೆ ಹಾಕಿದಳು. ಇಪ್ಪತ್ತನೇ ದಿನ ಬೆಳಿಗ್ಗೆ ಚಬ್ದಾರ್ ಗೊಂಬೆಯನ್ನು ಮೂಸಿ, ಕಿವಿ ಹಿಂದಕ್ಕೆ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿಯಿತು. ಅತ್ತಿಗೆಯನ್ನು ಒದೆಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಗುಡ್ಡದ ಕಡೆ ತಿರುಗಿ ಕೆನೆಯಿತು.

ಎರಡು ದಿನ ಕೆಚ್ಚಲು ಬಾತುಕೊಂಡಿತ್ತು. ಆಮೇಲೆ ಇಳಿಯಿತು. ಅತ್ತಿಗೆ ಹೊತ್ತು ಹೊತ್ತಿಗೂ ಬಕೆಟ್ ಹಿಡಿದು ಹೋಗಿ ಕೂಗುತ್ತಿದ್ದಳು. ಚಬ್ದಾರ್ ಬರುತ್ತಿತ್ತು. ಸುಮ್ಮನೆ ನಿಲ್ಲುತ್ತಿತ್ತು. ಹಾಲು ಬರುತ್ತಿರಲಿಲ್ಲ.

ಮೈರಾಂಬೆಕ್ ಸಂಜೆ ಬಂದಾಗ “ಚಬ್ದಾರ್ ಹೇಗಿದಾಳೆ?” ಎಂದು ಕೇಳುತ್ತಿದ್ದ. ಅವನು ಕೇಳುವುದು ಹಾಲನ್ನು. ಮೊದಲ ದಿನ ನಾನು ಬಾಯಿ ಹಾಕಿ, “ಸ್ವಲ್ಪ ಕಮ್ಮಿ, ಮಳೆ ಅಲ್ವಾ” ಎಂದೆ. ಅದು ನಿಜವಾಗಿ ಕಾಣಬೇಕಲ್ಲ. ಮರುದಿನದಿಂದ ನಾನು ಒಂದು ಕೆಲಸ ಮಾಡಿದೆ. ಅತ್ತಿಗೆ ಎದ್ದು ಮುಂದಿನ ಕುದುರೆಗೆ ಹೋಗುತ್ತಲೇ, ನಾನು ಕುಳಿತು ಹಿಂದಿನದರಿಂದ ಎರಡು ಹಿಂಡು ಹೆಚ್ಚಿಗೆ ಕರೆದುಕೊಳ್ಳುತ್ತಿದ್ದೆ. ಹಾಗೆ ಕೂಡಿಸಿದ್ದನ್ನು ಚಬ್ದಾರ್‌ನ ಬಕೆಟ್ಟಿಗೆ ಹಾಕಿ ಒಯ್ದು ತೋರಿಸುತ್ತಿದ್ದೆ. ಮೂರು ದಿನ ನಡೆಯಿತು.

ನಾಲ್ಕನೇ ದಿನ ಅತ್ತಿಗೆ ಸಾಲಿನ ಹತ್ತಿರ ನಿಂತು ನನ್ನನ್ನು ಕರೆದಳು. ಕೊನೆಯ ಗೂಟದ ಬಡಕಲು ಮರಿ ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಎಳೆಯುತ್ತಿತ್ತು.

“ಇದ್ಯಾಕೆ ಹಿಂಗ್ ಮಾಡ್ತಿದೆ?”

“ಹಸಿವೇನೋ.”

“ನಾನು ಇದರ ಪಾಲು ಬಿಟ್ಟೇ ಎದ್ದೆ. ಚಬ್ದಾರ್ ಬಕೆಟ್ಟಲ್ಲಿರೋ ಹಾಲು ಎಲ್ಲಿಂದ ಬಂತು ಅಶಿಮ್?”

ನಾನು ತಲೆ ತಗ್ಗಿಸಿದೆ. “ಅವಳನ್ನ ಉಳಿಸ್ಬೇಕು ಅಂತ ಮಾಡ್ದೆ ಅತ್ತಿಗೆ.”

“ಗೊತ್ತು. ನಾನೂ ಅದಕ್ಕೇ ಸುಳ್ಳು ಹೇಳ್ದೆ.” ಅವಳು ಮರಿಯ ಕುತ್ತಿಗೆ ಸವರಿದಳು. “ಆದ್ರೆ ನನ್ನ ಸುಳ್ಳಿಗೆ ಯಾವ ಮರಿನೂ ಹಸ್ಕೊಂಡಿರ್ಲಿಲ್ಲ.”

“ಇನ್ನು ಸ್ವಲ್ಪ ದಿನ ಅಷ್ಟೇ ಅತ್ತಿಗೆ. ಮರಿಗಳು ತಡ್ಕೊತವೆ.”

“ಇದು ತಡ್ಕೊಳಲ್ಲ. ನೋಡು ಇದರ ಪಕ್ಕೆ.”

ಅವಳು ಆಗಲೇ ಮೈರಾಂಬೆಕ್‌ನ ಗುಡಾರದ ಕಡೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ದಾರಿಯಲ್ಲಿ ಎರಡು ಸಲ “ಅತ್ತಿಗೆ, ಬೇಡ” ಎಂದೆ. ಅವಳು ತಿರುಗಲಿಲ್ಲ.

“ಚಬ್ದಾರ್ ಬತ್ತಿ ಐದು ದಿನ ಆಯ್ತು,” ಎಂದಳು ಅವನಿಗೆ. “ನೀನು ನೋಡಿದ್ದು ಬೇರೆ ಮರಿಗಳ ಪಾಲು.”

ಮೈರಾಂಬೆಕ್ ನನ್ನ ಮುಖ ನೋಡಿದ. ಬೈಯಲಿಲ್ಲ.

“ಅವಳನ್ನ ಇಟ್ಕೋ. ನನ್ನ ಬೇಸಿಗೆ ಸಂಬಳ ಕೊಡಬೇಡ,” ಎಂದಳು ಅತ್ತಿಗೆ.

“ಅಕ್ಕ, ಮೊದಲ ದಿನವೇ ಕೇಳಿದ್ರೆ ನೋಡಬಹುದಿತ್ತು. ಈಗ ಮಾತು ಕೊಟ್ಟಾಯ್ತು. ಹಾಲು ಕಮ್ಮಿ ಅಂತ ಅಶಿಮಣ್ಣ ಅಂದಾಗ್ಲೇ ನಾನು ಅವರಿಗೆ ಹೂಂ ಅಂದುಬಿಟ್ಟೆ. ಶುಕ್ರವಾರ ಊಟ. ಸತ್ತವರ ಹೆಸರಲ್ಲಿ ಹೂಂ ಅಂದಿದ್ದನ್ನ ವಾಪಸ್ ತಗೊಳೋಕೆ ಆಗುತ್ತಾ? ನೀವೇ ಹೇಳಿ.”

ಆಗುವುದಿಲ್ಲ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ನಾನು ಆಗ ಬಾಯಿಬಿಟ್ಟೆ. “ಮೈರಾಂಬೆಕ್, ಸಾಲಿನ ಅಳತೆ ಕಮ್ಮಿ ಮಾಡಿದ್ದು ನಾನು. ನೀನು ಹೊಂದಿಸು ಅಂದೆ, ನಾನು ಹೊಂದಿಸ್ದೆ. ಮರಿ ಸತ್ತಿದ್ದು ಅದಕ್ಕೆ.”

“ಗೊತ್ತು ಅಶಿಮಣ್ಣ,” ಎಂದ ಅವನು. “ನನಗೇನು ಗೊತ್ತು ಮರಿ ಕಟ್ಟೋದು? ನೀವು ಆಗಲ್ಲ ಅಂದಿದ್ರೆ ನಾನು ಕೇಳ್ತಿದ್ದೆ.”

ಅವನು ನಿಜವಾಗಿಯೂ ಕೇಳುತ್ತಿದ್ದ. ನನಗೆ ಅದು ಆಗ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಲಾರಿ ಬಂತು. ಎರಡನೇ ಸಲ ಹಾಲು ಕರೆಯುವ ಹೊತ್ತು. ಹಲಗೆ ಇಳಿಸಿದರು. ಚಬ್ದಾರ್ ಹಲಗೆಯ ಮೇಲೆ ಕಾಲಿಡಲಿಲ್ಲ. ಡ್ರೈವರ್ ಎಳೆದ, ಮೈರಾಂಬೆಕ್ ಹಿಂದಿನಿಂದ ತಳ್ಳಿದ. ಆಗಲಿಲ್ಲ.

“ಅಕ್ಕ, ನೀವೊಂದು ಸಲ ಮೇಲೆ ನಿಂತು ಕೂಗಿ. ಬಂದುಬಿಡ್ತಾಳೆ,” ಎಂದ ಮೈರಾಂಬೆಕ್.

“ಆ ಕೂಗಿಗೆ ಬಂದವರಿಗೆ ನಾನು ಕೆಟ್ಟದು ಮಾಡಿಲ್ಲ. ಇದಕ್ಕೆ ಕೂಗಲ್ಲ.”

ಡ್ರೈವರ್ ಚಾಟಿ ತೆಗೆದ. ಮೂರು ಸಲ ಹೊಡೆದ. ಚಬ್ದಾರ್ ಹಲಗೆಯ ಮೇಲೆ ಹಾರಿ, ಜಾರಿ ಬಿದ್ದು, ಮುಂಗಾಲಿನ ತೊಗಲು ಸುಲಿದುಕೊಂಡಿತು. ಅವನು ನಾಲ್ಕನೇ ಸಲ ಕೈ ಎತ್ತಿದಾಗ ಅತ್ತಿಗೆ ಬಕೆಟ್ ಕೆಳಗಿಟ್ಟು ಬಂದಳು. ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ಕೂಗಲಿಲ್ಲ, ಮಾತಾಡಲಿಲ್ಲ, ಸವರಲಿಲ್ಲ. ಬೆನ್ನು ತಿರುಗಿಸಿ ತಾನೇ ಹಲಗೆ ಹತ್ತಿದಳು. ಚಬ್ದಾರ್ ಕುಂಟುತ್ತಾ ಅವಳ ಹಿಂದೆ ಹತ್ತಿತು.

“ಆಯ್ತು ಅಕ್ಕ, ಇಳೀರಿ. ಹಾಲು ಕರೆಯೋ ಹೊತ್ತು ಮೀರ್ತಿದೆ.”

“ಘಾಟಿ ರಸ್ತೆ. ಒಬ್ಬಳೇ ನಿಂತ್ರೆ ತಿರುವಿನಲ್ಲಿ ಬೀಳ್ತಾಳೆ. ನಡಿ.”

ಲಾರಿ ಹೋಯಿತು. ಅತ್ತಿಗೆಯ ಬಿಳಿ ತಲೆವಸ್ತ್ರ ಮೊದಲ ತಿರುವಿನವರೆಗೆ ಕಂಡಿತು.

ಉಳಿದವರು ನಾನು ಮತ್ತು ಮೈರಾಂಬೆಕ್. ಕೆಚ್ಚಲು ತುಂಬಿದ ಕುದುರೆಗಳು ಸಾಲಿನ ಸುತ್ತ ನಿಂತಿದ್ದವು. ಅವನು ಮರಿ ಹಿಡಿದ, ನಾನು ಕರೆದೆ. ಎರಡು ಕುದುರೆ ಹೇಗೋ ಕೊಟ್ಟವು. ಮೂರನೆಯದು ಮೈರಾಂಬೆಕ್‌ನ ಮಂಡಿಗೆ ಒದ್ದಿತು. ಅವನು ಹುಲ್ಲಿನ ಮೇಲೆ ಕುಳಿತು ಮಂಡಿ ತಿಕ್ಕಿಕೊಳ್ಳುತ್ತಾ, “ಅಕ್ಕ ಇಪ್ಪತ್ತು ವರ್ಷ ಇದನ್ನ ಹೆಂಗೆ ಮಾಡಿದ್ರು?” ಎಂದ. ನಾನು ಅವನ ಕೈ ತಪ್ಪಿಸಿಕೊಂಡ ಮರಿಯ ಹಿಂದೆ ಓಡಿದೆ.

ಅತ್ತಿಗೆ ಸಂಜೆ ಯಾರದೋ ಕಾರಿನಲ್ಲಿ ಬಂದಳು.

“ದಾರೀಲಿ ಅವಳಿಗೆ ಏನಾದ್ರೂ ಹೇಳಿದ್ರಾ?” ಎಂದು ಕೇಳಿದೆ.

“ಇಲ್ಲ. ಹೇಳೋಕೆ ನಿಜ ಏನೂ ಇರ್ಲಿಲ್ಲ.”

ಶುಕ್ರವಾರ ಕಳೆಯಿತು. ಶನಿವಾರ ಮಧ್ಯಾಹ್ನ ಅದೇ ಲಾರಿಯವನು ಬಂದ. ಕೈಯಲ್ಲಿ ಬಟ್ಟೆಯ ಗಂಟು ಇತ್ತು. ಸತ್ತವರ ಊಟಕ್ಕೆ ಬರಲಾಗದವರಿಗೆ ಮನೆಯವರು ಪಾಲು ಕಳಿಸುತ್ತಾರೆ. ಕಳಿಸಲೇಬೇಕು. ಬಂದದ್ದನ್ನು ಬೇಡ ಅನ್ನುವ ಹಾಗಿಲ್ಲ.

“ಕುದುರೆ ಹಿಡ್ಕೊಂಡು ಬಂದ ಅಕ್ಕನಿಗೆ ಮೊದಲು ಕೊಡು ಅಂತ ಮನೆಯಮ್ಮನೇ ಕಟ್ಟಿ ಕೊಟ್ರು,” ಎಂದ ಅವನು. “ಕುದುರೆ ಮೈಯೆಲ್ಲಾ ಕೊಬ್ಬು ಇತ್ತಂತೆ. ಎಷ್ಟು ಚೆನ್ನಾಗಿ ನೋಡ್ಕೊಂಡಿದಾರೆ ಅಂತ ಊರೆಲ್ಲಾ ಹೊಗಳಿದ್ರು.”

ಅವನಿಗೆ ಏನೂ ಗೊತ್ತಿಲ್ಲ. ಒಳ್ಳೆಯ ಮಾತು ಎಂದು ಹೇಳಿದ.

ಅತ್ತಿಗೆ ಎರಡೂ ಕೈ ಚಾಚಿ ಗಂಟು ತೆಗೆದುಕೊಂಡಳು. ಗುಡಾರದಲ್ಲಿ ಬಟ್ಟೆ ಹಾಸಿ ಬಿಚ್ಚಿದಳು. ಮಾಂಸ, ನಾಲ್ಕು ರೊಟ್ಟಿ, ಒಂದು ಹಿಡಿ ಬೋರ್ಸೋಕ್, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು. ಮೈರಾಂಬೆಕ್‌ಗೆ ಒಂದು ತುಂಡು ಕೊಟ್ಟಳು. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತ. ನನಗೆ ಒಂದು ಕೊಟ್ಟಳು. ತಾನು ಉಗುರಿನಷ್ಟು ಮುರಿದುಕೊಂಡಳು.

“ಹೋದವರಿಗೆ ಸೇರಲಿ,” ಎಂದು ಹೇಳಿ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ನುಂಗಿದಳು. ಪ್ರಾರ್ಥನೆ ಮುಗಿಸುವಾಗ ಮಾಡುವ ಹಾಗೆ ಎರಡೂ ಅಂಗೈಯಿಂದ ಮುಖ ಸವರಿಕೊಂಡಳು. ನಾವೂ ತಿಂದೆವು, ಸವರಿಕೊಂಡೆವು.

ಆಮೇಲೆ ಅವಳು ಹೊಳೆಗೆ ಹೋಗಿ ಮರಳು ಹಾಕಿ ಕೈ ತಿಕ್ಕಿದಳು. ಮೂರು ಸಲ ತೊಳೆದಳು. ನಾಲ್ಕನೇ ಸಲದ ಹಾಲಿಗೆ ಹೊತ್ತಾಗಿತ್ತು. ಕೂಗಿದಳು. ಮೊದಲ ಕುದುರೆ ಬಂತು. ನಾನು ಮರಿ ಬಿಟ್ಟು ಎಳೆದು ಹಿಡಿದೆ. ಅತ್ತಿಗೆ ಮಂಡಿಯೂರಿ ಕೈ ಹಾಕಿದಳು. ಕುದುರೆ ಅವಳ ಕೈ ಮೂಸಿ ಮೈ ಬಿಗಿ ಮಾಡಿತು. ಒಂದು ತೊಟ್ಟೂ ಬರಲಿಲ್ಲ. ಎರಡನೆಯದು ಹತ್ತಿರವೇ ಬರಲಿಲ್ಲ. ಮೂರನೆಯದು ಬಂದು ಹಿಂದೆ ಸರಿಯಿತು. ಕೈಯಲ್ಲಿ ವಾಸನೆ ಉಳಿದಿತ್ತೋ, ಅವಳ ಮುಖದಲ್ಲಿ ಏನಾದರೂ ಕಂಡಿತೋ, ನನಗೆ ಗೊತ್ತಿಲ್ಲ.

ಆ ಕಡೆ ಅತಿಥಿಗಳು ಬಟ್ಟಲು ಹಿಡಿದು ಮಾತಾಡುತ್ತಾ ನಗುತ್ತಾ ಕಾಯುತ್ತಿದ್ದರು. ಅತ್ತಿಗೆ ಖಾಲಿ ಬಕೆಟ್ ಹಿಡಿದು ಎದ್ದಳು. ಕುದುರೆಗಳನ್ನು ಬೈಯಲಿಲ್ಲ.

“ಎಲ್ಲಾ ಮರಿ ಬಿಚ್ಚಿಬಿಡು ಅಶಿಮ್,” ಎಂದಳು. “ಇವತ್ತು ಅವೇ ಕುಡೀಲಿ.”

ನಾನು ಒಂದು ತುದಿಯಿಂದ ಬಿಚ್ಚುತ್ತಾ ಬಂದೆ.